ಯಾರ ಕಂಪ್ಯೂಟರ್ ಒಳಗೆ, ಯಾರದು ಹೊರಗೆ? ಪಿಸಿ ಗೇಮಿಂಗಿನ ಗೆರೆ ಎಳೆಯುವ ಗ್ರಾಫಿಕ್ಸ್ ತಂತ್ರಜ್ಞಾನ

2025ರ ಮಾರ್ಚ್ 4ರಂದು ‘ಗ್ರ್ಯಾಂಡ್ ಥೆಫ್ಟ್ ಆಟೊ 5’ ಪಿಸಿಯಲ್ಲಿ ಎರಡು ಹೋಳಾಯಿತು. 2015ರ ಏಪ್ರಿಲ್‌ನಿಂದ ಒಂದೇ ಆಗಿದ್ದ ಆಟ ಅಂದಿನಿಂದ ‘ಲೆಗಸಿ’ ಮತ್ತು ‘ಎನ್‌ಹ್ಯಾನ್ಸ್‌ಡ್’ ಎಂಬ ಎರಡು ಹೆಸರಿನಲ್ಲಿ ಬೇರೆಬೇರೆಯಾಗಿ ಇನ್‌ಸ್ಟಾಲ್ ಆಗುತ್ತದೆ. ಲೆಗಸಿಗೆ ಡೈರೆಕ್ಟ್‌ಎಕ್ಸ್ 10 ಅಥವಾ 11 ಸಾಕು. ಎನ್‌ಹ್ಯಾನ್ಸ್‌ಡ್‌ಗೆ ಡೈರೆಕ್ಟ್‌ಎಕ್ಸ್ 12 ಬೇಕು, ಎಸ್‌ಎಸ್‌ಡಿ ಬೇಕು. ಬೆಳಕು, ನೆರಳು, ಪ್ರತಿಬಿಂಬಗಳನ್ನು ನಿಜದಂತೆ ತೋರಿಸುವ ರೇ ಟ್ರೇಸಿಂಗ್ ಇರುವುದೂ ಅದರಲ್ಲೇ. ಹಳೆಯ ಆಟ ಕೊಂಡವರಿಗೆ ಹೊಸದು ಉಚಿತ. ಆದರೆ ಆನ್‌ಲೈನ್‌ನಲ್ಲಿ ಒಂದು ಆವೃತ್ತಿಯವರು ಇನ್ನೊಂದು ಆವೃತ್ತಿಯವರ ಜೊತೆ ಸೇರಿ ಆಡುವಂತಿಲ್ಲ.

ಬೆಂಗಳೂರಿನ ಹೊರಗಿನ ಸೂಲಿಬೆಲೆಯಲ್ಲಿ ಹಳೆಯ ಪಿಸಿ ಇಟ್ಟುಕೊಂಡಿರುವ ಹುಡುಗನಿಗೂ, ವೈಟ್‌ಫೀಲ್ಡಿನಲ್ಲಿ ಹೊಸ ಪಿಸಿ ಕಟ್ಟಿಸಿಕೊಂಡ ಅವನ ಚಿಕ್ಕಪ್ಪನ ಮಗನಿಗೂ ಇದರ ಪರಿಣಾಮ ನೇರ. ಇಬ್ಬರೂ ದುಡ್ಡು ಕೊಟ್ಟು ಕೊಂಡದ್ದು ಒಂದೇ ಆಟ. ಒಬ್ಬ ಹೊಸದಕ್ಕೆ ಹೋದ ದಿನದಿಂದ ಇಬ್ಬರೂ ಒಂದೇ ಬೀದಿಯಲ್ಲಿ ಕಾರು ಓಡಿಸುವುದು ನಿಂತುಹೋಗುತ್ತದೆ.

ಇಂಥ ಗೆರೆಯನ್ನು ಎಳೆಯುವುದು ಗ್ರಾಫಿಕ್ಸ್ ಕಾರ್ಡ್ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಕಾರ್ಡಿನ ಪಾತ್ರ ದೊಡ್ಡದೇ. ಆದರೆ ಕಳೆದ 30 ವರ್ಷಗಳ ಚರಿತ್ರೆಯನ್ನು ಬಿಡಿಸಿ ನೋಡಿದರೆ ಆಪರೇಟಿಂಗ್ ಸಿಸ್ಟಂ ಒಳಗೆ ಕೂತಿರುವ ಗ್ರಾಫಿಕ್ಸ್ ಪದರ, ಮತ್ತು ಆ ಪದರವನ್ನು ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬ ತೀರ್ಮಾನ, ಎಷ್ಟೋ ಸಲ ಕಾರ್ಡಿಗಿಂತ ಮೊದಲೇ ಗೆರೆ ಎಳೆದಿರುವುದು ಕಾಣುತ್ತದೆ. ಆ ಗೆರೆಗಳಲ್ಲಿ ಕೆಲವು ಯಂತ್ರದ ನಿಜವಾದ ಮಿತಿ. ಕೆಲವು, ಯಾರಾದರೂ ಶ್ರಮಪಟ್ಟರೆ ಅಳಿಸಬಹುದಾದವು. ಎಣಿಸಿ ಖರ್ಚು ಮಾಡುವ ಮನೆಗಳಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ನಡುವೆ ಕೂತಿರುವ ಪದರ

ಸೆಕೆಂಡಿಗೆ 60 ಚಿತ್ರ ಬರಬೇಕೆಂದರೆ ಒಂದು ಚಿತ್ರ ಸಿದ್ಧಪಡಿಸಲು ಸಿಗುವ ಸಮಯ 16.67 ಮಿಲಿಸೆಕೆಂಡ್. 144 ಹರ್ಟ್ಸ್ ಮಾನಿಟರಿಗೆ 7 ಮಿಲಿಸೆಕೆಂಡೂ ಸಿಗುವುದಿಲ್ಲ. ಅಷ್ಟರೊಳಗೆ ಗೇಮ್ ತನಗೆ ಬೇಕಾದ ಚಿತ್ರವನ್ನು ಆಜ್ಞೆಗಳಾಗಿ ಬರೆಯಬೇಕು. ಡೈರೆಕ್ಟ್‌ಎಕ್ಸ್‌ನಂಥ ಗ್ರಾಫಿಕ್ಸ್ ಪದರ ಅದನ್ನು ಸ್ವೀಕರಿಸಬೇಕು. ಕಾರ್ಡಿನ ಡ್ರೈವರ್ ಅದನ್ನು ಆ ಕಾರ್ಡಿನ ಭಾಷೆಗೆ ತಿರುಗಿಸಬೇಕು. ವಿಂಡೋಸ್‌ನ ಶೆಡ್ಯೂಲರ್ ಸರದಿ ಕೊಡಬೇಕು. ಕಾರ್ಡು ಚಿತ್ರ ಬಿಡಿಸಬೇಕು. ಕೊನೆಗೆ ಪರದೆಯ ಮೇಲಿನ ಎಲ್ಲ ಕಿಟಕಿಗಳನ್ನು ಜೋಡಿಸುವ ಭಾಗ ಅದನ್ನು ಮಾನಿಟರಿಗೆ ದಾಟಿಸಬೇಕು. ಈ ಸಾಲಿನಲ್ಲಿ ಎಲ್ಲಿ ತಡವಾದರೂ ಆಡುವವರಿಗೆ ಕಾಣುವುದು ಒಂದೇ: ಆಟ ಜರ್ಕ್ ಹೊಡೆಯುತ್ತದೆ.

ಹಳೆಯ ಡೈರೆಕ್ಟ್‌ಎಕ್ಸ್ 11 ಮತ್ತು ಈಗಿನ 12ರ ವ್ಯತ್ಯಾಸವನ್ನು ಸೂಲಿಬೆಲೆಯ ನಾಡಕಚೇರಿಯ ಉದಾಹರಣೆಯಿಂದಲೇ ಹೇಳಬಹುದು. ಹನ್ನೊಂದರಲ್ಲಿ ಒಂದೊಂದು ಕಾಗದವನ್ನೂ ಕೌಂಟರಿಗೆ ಕೊಟ್ಟು, ಅಲ್ಲಿನವರು ಸರಿಯಿದೆಯೇ ಎಂದು ನೋಡಿ, ಮುದ್ರೆ ಒತ್ತುವ ತನಕ ಕಾಯಬೇಕು. ಹೆಚ್ಚುಕಡಿಮೆ ಆಗಿದ್ದರೆ ಅವರೇ ತಿದ್ದಿಕೊಡುತ್ತಾರೆ. ಹನ್ನೆರಡರಲ್ಲಿ ಇಡೀ ಫೈಲನ್ನು ಅರ್ಜಿದಾರರೇ ಮನೆಯಲ್ಲಿ ಪಕ್ಕಾ ಮಾಡಿಕೊಂಡು ಬರಬೇಕು. ಹಾಗೆ ಬಂದರೆ ನಾಲ್ಕೈದು ಕೌಂಟರುಗಳಲ್ಲಿ ಏಕಕಾಲಕ್ಕೆ ಕೆಲಸ ಮುಗಿಯುತ್ತದೆ. ಇದರಿಂದ ಪ್ರೊಸೆಸರಿನ ಹಲವು ಕೋರ್‌ಗಳು ಒಟ್ಟಿಗೆ ದುಡಿಯಬಹುದು. ಫೈಲಿನಲ್ಲಿ ತಪ್ಪಿದ್ದರೆ ತಿದ್ದಿಕೊಡುವವರು ಮಾತ್ರ ಯಾರೂ ಇರುವುದಿಲ್ಲ. ಮೊದಲು ಡ್ರೈವರ್ ಬರೆಯುವವರು ಹೊತ್ತಿದ್ದ ಹೊಣೆ ಗೇಮ್ ಬರೆಯುವವರ ತಲೆಗೆ ಬಂತು. ಕಳೆದ ಹತ್ತು ವರ್ಷಗಳ ಪಿಸಿ ಗೇಮಿಂಗಿನ ಸುಖದುಃಖಗಳಲ್ಲಿ ಬಹುಪಾಲು ಈ ಹೊಣೆ ಬದಲಾವಣೆಯಿಂದಲೇ ಹುಟ್ಟಿವೆ.

ಡಾಸ್‌ನಿಂದ ಸೈಬರ್ ಕೆಫೆಗೆ

ತೊಂಬತ್ತರ ದಶಕದಲ್ಲಿ ಊರೂರಿನ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ‘ಡೇವ್’, ‘ಪ್ರಿನ್ಸ್ ಆಫ್ ಪರ್ಷಿಯಾ’ ಆಡಿದವರಿಗೆ ಗ್ರಾಫಿಕ್ಸ್ ಪದರ ಎಂಬುದೇ ಗೊತ್ತಿರಲಿಲ್ಲ, ಯಾಕೆಂದರೆ ಹೆಚ್ಚುಕಡಿಮೆ ಅದು ಇರಲೇ ಇಲ್ಲ. ಡಾಸ್‌ನಲ್ಲಿ ಆಟ ನೇರವಾಗಿ ವಿಜಿಎ ಕಾರ್ಡಿನ ಮೆಮೊರಿಗೆ ಕೈ ಹಾಕುತ್ತಿತ್ತು. 320 ಅಡ್ಡ, 200 ಉದ್ದದ ಚುಕ್ಕಿಗಳು, 256 ಬಣ್ಣ, ಅಷ್ಟೇ ಪ್ರಪಂಚ. ವೇಗವಿತ್ತು. ಆದರೆ ಪ್ರತಿ ಕಾರ್ಡಿಗೂ, ಪ್ರತಿ ಸೌಂಡ್ ಕಾರ್ಡಿಗೂ ಗೇಮ್ ಬರೆಯುವವರೇ ಬೇರೆಬೇರೆಯಾಗಿ ವ್ಯವಸ್ಥೆ ಮಾಡಬೇಕಿತ್ತು.

ವಿಂಡೋಸ್ ಈ ಸಲುಗೆಯನ್ನು ನಿಲ್ಲಿಸಿತು. ಬದಲಿಗೆ ಏನು ಕೊಡಬೇಕೆಂಬುದು ಮೈಕ್ರೋಸಾಫ್ಟಿಗೆ ಬೇಗ ಹೊಳೆಯಲಿಲ್ಲ. 1994ರ ಕ್ರಿಸ್‌ಮಸ್‌ಗೆ ಮಕ್ಕಳ ಕೈಗೆ ಬಂದ ಡಿಸ್ನಿಯ ‘ಲಯನ್ ಕಿಂಗ್’ ಸಿ.ಡಿ. ಆಗಿನ ‘ವಿನ್‌ಜಿ’ ಎಂಬ ಪದರದ ಮೇಲೆ ನಿಂತಿತ್ತು. ಕಾಂಪ್ಯಾಕ್ ಕಂಪ್ಯೂಟರುಗಳಲ್ಲಿ ಅದು ಕುಸಿದು ಬಿತ್ತು. ಮರುವರ್ಷ ಕ್ರೇಗ್ ಐಸ್ಲರ್, ಅಲೆಕ್ಸ್ ಸೇಂಟ್ ಜಾನ್, ಎರಿಕ್ ಎಂಗ್‌ಸ್ಟ್ರಾಮ್ ಎಂಬ ಮೂವರು ಸೇರಿ ಕಟ್ಟಿದ ಡೈರೆಕ್ಟ್‌ಎಕ್ಸ್ ಹೊರಬಂತು. ವಿಂಡೋಸ್ 95 ಆಟಕ್ಕೂ ಆದೀತು ಎಂದು ತೋರಿಸಲು ‘ಡೂಮ್’ ಆಟವನ್ನು ಅದರ ಮೇಲೆ ಓಡಿಸಿದ ಮೈಕ್ರೋಸಾಫ್ಟ್ ತಂಡದ ಮುಂದಾಳು ಗೇಬ್ ನ್ಯೂವೆಲ್. ಆತ ಮುಂದೆ ವಾಲ್ವ್ ಕಂಪನಿ ಕಟ್ಟಿದರು. ಇದೇ ವಾಲ್ವ್ ಇಂದು ವಿಂಡೋಸ್ ಇಲ್ಲದೆಯೂ ವಿಂಡೋಸ್ ಆಟಗಳನ್ನು ಓಡಿಸುವ ದಾರಿಗೆ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದೆ.

ಅದೇ ಹೊತ್ತಿಗೆ, 1997ರಲ್ಲಿ, ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆಕ್ಟಿವ್ ಎಂಬ ಗೇಮ್ ಕಂಪನಿ ಆರಂಭಿಸಿದರು. ದೇಶದ ಮೊದಲ ಗೇಮ್ ಸ್ಟುಡಿಯೋಗಳ ಸಾಲಿಗೆ ಸೇರಿದ ಧ್ರುವ, ಮುಂದೆ ಮೈಕ್ರೋಸಾಫ್ಟಿನ ‘ಫೋರ್ಜಾ’ ರೇಸಿಂಗ್ ಸರಣಿಗೆ ಕೆಲಸ ಮಾಡಿತು. 2019ರಲ್ಲಿ ಅದನ್ನು ಕೊಂಡದ್ದು ರಾಕ್‌ಸ್ಟಾರ್ ಗೇಮ್ಸ್, ಅಂದರೆ ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ಪ್ರಕಾಶಕರು. ಧ್ರುವದ ತಂಡ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾದಲ್ಲಿ ಸೇರಿಹೋಯಿತು. ಒಂದು ಕಾಲಕ್ಕೆ ನಮ್ಮ ಸೈಬರ್ ಕೆಫೆಗಳಲ್ಲಿ ‘ವೈಸ್ ಸಿಟಿ’ ಆಡಲು ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದ ರಾಜ್ಯದಲ್ಲೇ ಆ ಸರಣಿಯ ಕಂಪನಿಯ ಸ್ಟುಡಿಯೋ ಇದೆ.

ಅದೇ ಕೆಫೆಗಳ ಇನ್ನೊಂದು ಆಟ ‘ಕೌಂಟರ್ ಸ್ಟ್ರೈಕ್ 1.6’. ಅದರ ವಿಡಿಯೋ ಸೆಟ್ಟಿಂಗ್ ತೆರೆದವರಿಗೆ ಮೂರು ಆಯ್ಕೆ ನೆನಪಿರಬಹುದು: ಸಾಫ್ಟ್‌ವೇರ್, ಓಪನ್‌ಜಿಎಲ್, ಡಿ3ಡಿ. ಕಾರ್ಡೇ ಇಲ್ಲದ ಪಿಸಿಗೆ ಮೊದಲನೆಯದು. ಚಿತ್ರವನ್ನೆಲ್ಲ ಪ್ರೊಸೆಸರೇ ಬಿಡಿಸುತ್ತಿತ್ತು. ಕಾರ್ಡಿದ್ದರೆ ಓಪನ್‌ಜಿಎಲ್. ಪದರ ಬದಲಿಸಿದರೆ ಅದೇ ಯಂತ್ರದಲ್ಲಿ ಆಟ ಬೇರೆಯಾಗುತ್ತದೆ ಎಂಬುದನ್ನು ಕೆಫೆಯ ಹುಡುಗರು ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡಿದ್ದರು. ಒಂದೇ ಆಟ ಬಡ ಯಂತ್ರಕ್ಕೂ ಸಿರಿವಂತ ಯಂತ್ರಕ್ಕೂ ಒಗ್ಗುವಂತೆ ಬರೆದಿದ್ದರಿಂದ ಇಬ್ಬರೂ ಒಂದೇ ಮ್ಯಾಪಿನಲ್ಲಿ ಆಡುತ್ತಿದ್ದರು.

ವಿಸ್ತಾ ಎಳೆದ ಗೆರೆ

2007ರ ಜನವರಿ 30ರಂದು ವಿಂಡೋಸ್ ವಿಸ್ತಾ ಮಾರುಕಟ್ಟೆಗೆ ಬಂತು. ಜೊತೆಗೇ ಡೈರೆಕ್ಟ್‌ಎಕ್ಸ್ 10. ಇದು ಹಿಂದಿನ ಆವೃತ್ತಿಯಾದ ವಿಂಡೋಸ್ ಎಕ್ಸ್‌ಪಿಗೆ ಸಿಗುವುದಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿತು. ಕಾರಣಕ್ಕೆ ತಿರುಳಿತ್ತು. ಗ್ರಾಫಿಕ್ಸ್ ಡ್ರೈವರನ್ನು ಆಪರೇಟಿಂಗ್ ಸಿಸ್ಟಂ ಜೊತೆ ಬೆಸೆಯುವ ರೀತಿಯನ್ನೇ ವಿಸ್ತಾದಲ್ಲಿ ಹೊಸದಾಗಿ ಕಟ್ಟಲಾಗಿತ್ತು. ‘ಡಬ್ಲ್ಯುಡಿಡಿಎಂ’ ಎಂಬ ಆ ಮಾದರಿಯಿಂದ ಡ್ರೈವರ್ ಎಡವಿದರೂ ಇಡೀ ಕಂಪ್ಯೂಟರ್ ನೀಲಿ ಪರದೆ ಹೊದ್ದು ಮಲಗದೆ, ಕಾರ್ಡು ಮಾತ್ರ ಮರುಚಾಲನೆಯಾಗುವ ಅನುಕೂಲ ಬಂತು. ಇವತ್ತಿಗೂ ವಿಂಡೋಸ್ ನಿಂತಿರುವುದು ಆ ಅಡಿಪಾಯದ ಮೇಲೆಯೇ.

ಆದರೆ ಅದೇ ವರ್ಷ ‘ಹೇಲೊ 2’ ಮತ್ತು ‘ಶ್ಯಾಡೊರನ್’ ಆಟಗಳು ವಿಸ್ತಾಕ್ಕೆ ಮಾತ್ರ ಎಂಬ ಮೊಹರಿನೊಡನೆ ಬಂದವು. ಹೇಲೊ 2 ಮೂಲತಃ 2004ರ ಎಕ್ಸ್‌ಬಾಕ್ಸ್ ಆಟ. ಅದನ್ನು ಎಕ್ಸ್‌ಪಿಯಲ್ಲಿ ಓಡಿಸಲಾಗದ ಯಾವ ತಾಂತ್ರಿಕ ಕಾರಣವೂ ಇರಲಿಲ್ಲ, ಕೆಲವರು ಓಡಿಸಿಯೂ ತೋರಿಸಿದರು. 2007ರ ನವೆಂಬರ್‌ನಲ್ಲಿ ಬಂದ ‘ಕ್ರೈಸಿಸ್’ ಆಟದ ಅತ್ಯುನ್ನತ ದರ್ಜೆಯ ದೃಶ್ಯಗಳು ಡೈರೆಕ್ಟ್‌ಎಕ್ಸ್ 10ಕ್ಕೇ ಮೀಸಲು ಎಂದಿತ್ತು. ಆಡುವವರು ಸಂರಚನೆಯ ಫೈಲಿನಲ್ಲಿ ಕೆಲವು ಸಾಲು ತಿದ್ದಿ, ಎಕ್ಸ್‌ಪಿಯ ಡೈರೆಕ್ಟ್‌ಎಕ್ಸ್ 9ರಲ್ಲೇ ಆ ದೃಶ್ಯಗಳಲ್ಲಿ ಬಹುಪಾಲನ್ನು ಪಡೆದರು.

ಎಕ್ಸ್‌ಪಿಯನ್ನು ನಿಜವಾಗಿ ಹೊರಗಿಟ್ಟ ದೊಡ್ಡ ಆಟಗಳು ಬಂದದ್ದು ಮೂರು ವರ್ಷ ಕಳೆದ ಮೇಲೆ: 2010ರ ಮಾರ್ಚ್‌ನಲ್ಲಿ ‘ಜಸ್ಟ್ ಕಾಸ್ 2’, 2011ರಲ್ಲಿ ‘ಬ್ಯಾಟಲ್‌ಫೀಲ್ಡ್ 3’. ಅಷ್ಟರಲ್ಲಿ ವಿಂಡೋಸ್ 7 ಬಂದು, ಡೈರೆಕ್ಟ್‌ಎಕ್ಸ್ 11 ನೆಲೆಯೂರಿತ್ತು. 2007ರಲ್ಲೇ ಅವಸರಪಟ್ಟು ವಿಸ್ತಾಕ್ಕಾಗಿ ಹೊಸ ಪಿಸಿ ಕೊಂಡವರ ಮೊದಲ ತಲೆಮಾರಿನ ಕಾರ್ಡುಗಳು ಆ ಹೊತ್ತಿಗೆ ಸುಸ್ತಾಗಿದ್ದವು.

ಹನ್ನೆರಡನೆಯ ಆವೃತ್ತಿ

ಹಳೆಯ ಪದರ ಪ್ರೊಸೆಸರಿಗೆ ಭಾರವಾಗಿದೆ ಎಂಬ ದೂರಿಗೆ ಮೊದಲು ಉತ್ತರ ಕೊಟ್ಟದ್ದು ಎಎಂಡಿ, 2013ರಲ್ಲಿ ಪ್ರಕಟಿಸಿದ ‘ಮ್ಯಾಂಟಲ್’ ಮೂಲಕ. 2014ರಲ್ಲಿ ಆ್ಯಪಲ್ ತನ್ನ ‘ಮೆಟಲ್’ ತಂದಿತು. 2015ರ ಜುಲೈ 29ರಂದು ವಿಂಡೋಸ್ 10 ಜೊತೆ ಡೈರೆಕ್ಟ್‌ಎಕ್ಸ್ 12 ಬಂತು. 2016ರ ಫೆಬ್ರವರಿಯಲ್ಲಿ, ಯಾವ ಒಂದು ಕಂಪನಿಗೂ ಸೇರದ ‘ವಲ್ಕನ್’. ಮ್ಯಾಂಟಲ್‌ನ ಮೂಲದ್ರವ್ಯವೇ ವಲ್ಕನ್ ಆಯಿತು.

ಇವುಗಳಲ್ಲಿ ಮೆಟಲ್ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಹತ್ತಿರದ್ದು. 2025ರಲ್ಲಿ ಐಫೋನ್ ತಯಾರಿಕೆ ಶುರುಮಾಡಿದ ಫಾಕ್ಸ್‌ಕಾನ್ ಕಾರ್ಖಾನೆ ಇರುವುದು ಸೂಲಿಬೆಲೆಯ ಪಕ್ಕದ ದೇವನಹಳ್ಳಿ ತಾಲ್ಲೂಕಿನಲ್ಲಿ. ಅಲ್ಲಿಂದ ಹೊರಡುವ ಪ್ರತಿ ಫೋನೂ ಆಟದ ಚಿತ್ರ ಬಿಡಿಸುವುದು ಮೆಟಲ್ ಮೂಲಕ. ಆ್ಯಪಲ್‌ನ ಕಂಪ್ಯೂಟರುಗಳಲ್ಲೂ ಅದೇ. ಹಾಗಾಗಿ ಡೈರೆಕ್ಟ್‌ಎಕ್ಸ್‌ಗೆ ಬರೆದ ಆಟ ಮ್ಯಾಕ್‌ನಲ್ಲಿ ನೇರವಾಗಿ ಓಡದು. 2023ರ ಜೂನ್‌ನಲ್ಲಿ ಆ್ಯಪಲ್ ಕೊಟ್ಟ ಪೋರ್ಟಿಂಗ್ ಉಪಕರಣ ಡೈರೆಕ್ಟ್‌ಎಕ್ಸ್ 12ರ ಆಜ್ಞೆಗಳನ್ನು ಮೆಟಲ್‌ಗೆ ಅನುವಾದಿಸುತ್ತದೆ.

ಡೈರೆಕ್ಟ್‌ಎಕ್ಸ್ 12 ಕೂಡ ಮೊದಲು ವಿಂಡೋಸ್ 10ಕ್ಕೆ ಮಾತ್ರ ಮೀಸಲಾಗಿತ್ತು. ಆದರೆ 2019ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್, ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುವವರಿಗಾಗಿ ಅದರ ಒಂದು ರೂಪವನ್ನು ವಿಂಡೋಸ್ 7ಕ್ಕೂ ಕೊಟ್ಟಿತು. ನಾಲ್ಕು ವರ್ಷ ಆಗದು ಎನ್ನಿಸಿಕೊಂಡದ್ದು, ದೊಡ್ಡ ಗೇಮ್ ಕಂಪನಿ ಕೇಳಿದಾಗ ಆಯಿತು.

ತಡವರಿಸುವ ಆಟ

ಹೊಸ ಪದರದ ದೊಡ್ಡ ತೊಡಕು ಶೇಡರ್‌ಗಳದ್ದು. ನೀರು ಹೇಗೆ ಹೊಳೆಯಬೇಕು, ಚರ್ಮದ ಮೇಲೆ ಬೆಳಕು ಹೇಗೆ ಬೀಳಬೇಕು ಎಂದು ಕಾರ್ಡಿಗೆ ಹೇಳುವ ಪುಟ್ಟ ಪ್ರೋಗ್ರಾಂಗಳೇ ಶೇಡರ್. ಪ್ಲೇಸ್ಟೇಷನ್ ಎಲ್ಲ ಒಂದೇ ಬಗೆಯದಾದ್ದರಿಂದ ಅವನ್ನು ಮೊದಲೇ ಪರಿವರ್ತಿಸಿ ಡಿಸ್ಕ್‌ನಲ್ಲಿ ಕೊಡಬಹುದು. ಪಿಸಿಯಲ್ಲಿ ಕಾರ್ಡು ನೂರಾರು ಬಗೆ, ಡ್ರೈವರ್ ಸಾವಿರಾರು ಬಗೆ. ಹಾಗಾಗಿ ಪರಿವರ್ತನೆ ಆಡುವವರ ಮನೆಯಲ್ಲೇ, ಅವರ ಪ್ರೊಸೆಸರಿನಲ್ಲೇ ನಡೆಯಬೇಕು. ಆಟದ ನಡುವೆ ಹೊಸ ದೃಶ್ಯ ಎದುರಾದಾಗ ಈ ಕೆಲಸ ಶುರುವಾದರೆ ಅರೆಕ್ಷಣ ಎಲ್ಲವೂ ನಿಲ್ಲುತ್ತದೆ. ಹದಿನಾರು ಮಿಲಿಸೆಕೆಂಡಿನಲ್ಲಿ ಬರಬೇಕಾದ ಚಿತ್ರಕ್ಕೆ ಇನ್ನೂರು ಮಿಲಿಸೆಕೆಂಡ್ ಹಿಡಿದರೆ ಕಣ್ಣಿಗೆ ಗೊತ್ತಾಗದೆ ಇರುವುದಿಲ್ಲ.

2022ರ ಫೆಬ್ರವರಿಯಲ್ಲಿ ಬಂದ ‘ಎಲ್ಡೆನ್ ರಿಂಗ್’ ದುಬಾರಿ ಪಿಸಿಗಳಲ್ಲೂ ಹೀಗೆ ತಡವರಿಸಿತು. ಅದೇ ತಿಂಗಳು ಮಾರುಕಟ್ಟೆಗೆ ಬಂದ, ಲಿನಕ್ಸ್ ಮೇಲೆ ಓಡುವ ವಾಲ್ವ್‌ನ ‘ಸ್ಟೀಮ್ ಡೆಕ್’ ಎಂಬ ಕೈಪಿಸಿಯಲ್ಲಿ, ವಿಂಡೋಸ್ ಆಟವನ್ನು ಲಿನಕ್ಸ್‌ಗೆ ಒಗ್ಗಿಸುವ ಅನುವಾದ ಪದರದಲ್ಲಿ ಮಾಡಿದ ತಿದ್ದುಪಡಿಯಿಂದ ಆ ಆಟ ಹೆಚ್ಚು ಸಲೀಸಾಗಿ ಓಡಿತು. 2023ರ ಮಾರ್ಚ್‌ನಲ್ಲಿ ಬಂದ ‘ದ ಲಾಸ್ಟ್ ಆಫ್ ಅಸ್’ ಮೊದಲ ಭಾಗ ಇನ್ನೊಂದು ದಾರಿ ಹಿಡಿಯಿತು. ಆಟ ಶುರುವಾಗುವ ಮುನ್ನವೇ ಎಲ್ಲ ಶೇಡರ್‌ಗಳನ್ನೂ ಪರಿವರ್ತಿಸಲು ಕೂತಿತು. ನಿಧಾನದ ಪ್ರೊಸೆಸರ್ ಇದ್ದವರು ಮೆನು ಪರದೆಯ ಮುಂದೆ ಅರ್ಧ ಗಂಟೆಗೂ ಹೆಚ್ಚು ಕಾದರು. ಡ್ರೈವರ್ ಬದಲಾದಾಗ ಈ ಕೆಲಸ ಮತ್ತೆ ಮೊದಲಿನಿಂದ ಆಗಬೇಕಾಗುವುದೂ ಉಂಟು. ಹಳೆಯ ಪ್ರೊಸೆಸರಿನ ಮನೆಗೆ ಹೊಸ ಪದರದ ಸುಂಕ ಹೀಗೆ ಕಾಯುವಿಕೆಯ ರೂಪದಲ್ಲಿ ಬೀಳುತ್ತದೆ.

ಪರಿಹಾರದ ಹೊಸ ಪ್ರಯತ್ನ 2025ರ ಅಕ್ಟೋಬರ್‌ನಲ್ಲಿ ಬಂದಿದೆ. ಏಸಸ್ ತಯಾರಿಸಿದ ಎಕ್ಸ್‌ಬಾಕ್ಸ್ ಅಲೈ ಕೈಪಿಸಿಯ ಜೊತೆ ಮೈಕ್ರೋಸಾಫ್ಟ್ ಶುರುಮಾಡಿರುವ ವ್ಯವಸ್ಥೆಯಲ್ಲಿ, ಪರಿವರ್ತಿಸಿದ ಶೇಡರ್‌ಗಳು ಆಟ ಡೌನ್‌ಲೋಡ್ ಆಗುವಾಗಲೇ ಸಿದ್ಧವಾಗಿ ಇಳಿಯುತ್ತವೆ. ಇದು ಸಾಮಾನ್ಯ ಪಿಸಿಗಳಿಗೂ ಹರಡಿದರೆ ಹೆಚ್ಚು ಅನುಕೂಲ ಆಗುವುದು ನಿಧಾನದ ಪ್ರೊಸೆಸರ್ ಇಟ್ಟುಕೊಂಡವರಿಗೆ.

ಬೆಂಗಳೂರಿನ ಕೈಕೆಲಸ

ಈ ಪದರಗಳ ಕೆಳಗಿನ ಚಿಪ್ಪು, ಡ್ರೈವರ್‌ಗಳ ಒಂದು ಪಾಲು ಕೆಲಸ ನಡೆಯುವುದು ಸೂಲಿಬೆಲೆಯಿಂದ ಒಂದೆರಡು ಗಂಟೆಯ ದಾರಿಯಲ್ಲಿ. ಎಎಂಡಿ 2023ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತೆರೆದ ‘ಟೆಕ್ನೋಸ್ಟಾರ್’ 5 ಲಕ್ಷ ಚದರಡಿಯ, ಜಗತ್ತಿನಲ್ಲೇ ಆ ಕಂಪನಿಯ ಅತಿ ದೊಡ್ಡ ವಿನ್ಯಾಸ ಕೇಂದ್ರ. ಎನ್‌ವಿಡಿಯಾಕ್ಕೂ ಇಲ್ಲಿ ಎಂಜಿನಿಯರಿಂಗ್ ಕೇಂದ್ರವಿದೆ. ಇಂಟೆಲ್‌ನ ಗ್ರಾಫಿಕ್ಸ್ ವಿಭಾಗದ ಆಗಿನ ಮುಖ್ಯಸ್ಥ ರಾಜಾ ಕೋಡೂರಿ, 2019ರ ಡಿಸೆಂಬರ್‌ನಲ್ಲಿ ಬೆಂಗಳೂರು ತಂಡದ ಜೊತೆಗಿನ ಚಿತ್ರ ಹಂಚಿಕೊಂಡು, ಇಲ್ಲಿ ರೂಪುಗೊಳ್ಳುತ್ತಿದ್ದ ಭಾರಿ ಗ್ರಾಫಿಕ್ಸ್ ಚಿಪ್ಪನ್ನು ತಂಡದವರು ‘ಎಲ್ಲದರ ಬಾಪ್’ ಎಂದು ಕರೆಯುತ್ತಾರೆಂದು ಬರೆದಿದ್ದರು.

ಆ ಚಿಪ್ಪು ಗೇಮಿಂಗ್ ಕಾರ್ಡಾಗಿ ಮನೆಗಳಿಗೆ ಬರಲಿಲ್ಲ. ಅದರ ಬಳಗದ ‘ಆರ್ಕ್ ಎ770’ 2022ರ ಅಕ್ಟೋಬರ್‌ನಲ್ಲಿ ಬಂತು. ಆಪರೇಟಿಂಗ್ ಸಿಸ್ಟಂ ಪದರದ ಮಹತ್ವ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಡೈರೆಕ್ಟ್‌ಎಕ್ಸ್ 12 ಆಟಗಳಲ್ಲಿ ಚೆನ್ನಾಗಿ ಓಡುತ್ತಿದ್ದ ಈ ಹೊಸ ಕಾರ್ಡು, ಹತ್ತು ವರ್ಷ ಹಳೆಯ ‘ಕೌಂಟರ್ ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್’ನಲ್ಲಿ ಎಡವಿತು. ಕಾರಣ, ಆ ಆಟದ್ದು ಡೈರೆಕ್ಟ್‌ಎಕ್ಸ್ 9. ಅದಕ್ಕೆ ಇಂಟೆಲ್ ಪ್ರತ್ಯೇಕ ಡ್ರೈವರ್ ಬರೆಯದೆ, ಒಂಬತ್ತನ್ನು ಹನ್ನೆರಡಕ್ಕೆ ತಿರುಗಿಸುವ ಮೈಕ್ರೋಸಾಫ್ಟಿನ ಅನುವಾದ ಪದರವನ್ನು ನೆಚ್ಚಿಕೊಂಡಿತ್ತು. ದೂರುಗಳು ಬಂದ ಮೇಲೆ ಡಿಸೆಂಬರ್‌ನಲ್ಲಿ ಹೊಸ ಡ್ರೈವರ್ ಕೊಟ್ಟಿತು. ಲಿನಕ್ಸ್ ಲೋಕದಲ್ಲಿ ಹುಟ್ಟಿದ ‘ಡಿಎಕ್ಸ್‌ವಿಕೆ’ ಎಂಬ ಮುಕ್ತ ತಂತ್ರಾಂಶವನ್ನೂ ಕೆಲವು ಆಟಗಳಿಗೆ ಬಳಸಿಕೊಂಡಿತು. ಅದೇ ಕಾರ್ಡು, ಅದೇ ಆಟ, ಆದರೆ ವೇಗ ಬಹಳಷ್ಟು ಏರಿತು. ಕಾರ್ಡಿನ ಒಂದು ಟ್ರಾನ್ಸಿಸ್ಟರ್ ಕೂಡ ಬದಲಾಗಿರಲಿಲ್ಲ.

ಇಂಟೆಲ್‌ನ ಮುಂದಿನ ಕಾರ್ಡು ‘ಬಿ580’, 2024ರ ಡಿಸೆಂಬರ್‌ನದ್ದು. ಕಡಿಮೆ ಬೆಲೆಗೆ ಒಳ್ಳೆಯ ಕಾರ್ಡೆಂದು ಹೊಗಳಿಸಿಕೊಂಡಿತು. ತಿಂಗಳೊಳಗೆ ಪರೀಕ್ಷಕರು ಕಂಡುಕೊಂಡದ್ದೇನೆಂದರೆ, ಹಳೆಯ ಪ್ರೊಸೆಸರಿನ ಜೊತೆ ಕೂರಿಸಿದರೆ ಅದರ ಡ್ರೈವರ್ ಪ್ರೊಸೆಸರಿಗೆ ಹೆಚ್ಚು ಭಾರ ಹಾಕಿ ವೇಗ ಕುಗ್ಗಿಸುತ್ತದೆ. ಮೊದಲ ಪರೀಕ್ಷೆಗಳೆಲ್ಲ ಅತ್ಯುತ್ತಮ ಪ್ರೊಸೆಸರ್ ಜೊತೆ ನಡೆದಿದ್ದವು. ಅಗ್ಗದ ಕಾರ್ಡು ಕೊಳ್ಳುವವರ ಬಳಿ ಅಗ್ಗದ ಪ್ರೊಸೆಸರೇ ಇರುತ್ತದೆ ಎಂಬುದು ಲೆಕ್ಕಕ್ಕೇ ಬಂದಿರಲಿಲ್ಲ. ಈ ಪಾಠ ನಮ್ಮ ರಾಜ್ಯಕ್ಕೂ ಬೇಕು. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದು 2012ರಲ್ಲೇ ದೇಶದಲ್ಲಿ ಮೊದಲಿಗೆ ನೀತಿ ರೂಪಿಸಿದ ರಾಜ್ಯ ಕರ್ನಾಟಕ. 2024ರಿಂದ 29ರವರೆಗಿನ ಮೂರನೆಯ ನೀತಿ ಈಗ ಜಾರಿಯಲ್ಲಿದೆ. ಇಲ್ಲಿ ತಯಾರಾಗುವ ಎಂಜಿನಿಯರುಗಳ ಪ್ರಯೋಗಾಲಯದಲ್ಲಿ ಹೊಸ ಕಾರ್ಡುಗಳ ಜೊತೆ ಎಂಟು ವರ್ಷ ಹಳೆಯ ಪಿಸಿಗಳೂ ಇರಬೇಕು. ನಮ್ಮ ಊರುಗಳಲ್ಲಿ ಆಟ ನಡೆಯುವುದು ಅವುಗಳ ಮೇಲೆ.

ಆಯ್ಕೆ ಕಡ್ಡಾಯವಾಗುವ ಹೊತ್ತು

ರೇ ಟ್ರೇಸಿಂಗನ್ನು ಡೈರೆಕ್ಟ್‌ಎಕ್ಸ್‌ಗೆ ಸೇರಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದ್ದು 2018ರ ಮಾರ್ಚ್‌ನಲ್ಲಿ. ಆ ನವೆಂಬರ್‌ನಲ್ಲಿ ‘ಬ್ಯಾಟಲ್‌ಫೀಲ್ಡ್ 5’ ಅದನ್ನು ಬಳಸಿತು. ಆಗ ಅದು ಬೇಕಾದವರು ಹಾಕಿಕೊಳ್ಳುವ ಅಲಂಕಾರ. ಹಾಕಿದರೆ ವೇಗ ಅರ್ಧಕ್ಕೆ ಬೀಳುತ್ತಿತ್ತೆಂದು ಬಹುತೇಕರು ಆಫ್ ಮಾಡಿಯೇ ಆಡಿದರು. ಆರು ವರ್ಷದ ಮೇಲೆ, 2024ರ ಡಿಸೆಂಬರ್‌ನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್’ ಅದನ್ನು ಕಡ್ಡಾಯ ಮಾಡಿತು: ಕನಿಷ್ಠ ಆರ್‌ಟಿಎಕ್ಸ್ 2060 ಸೂಪರ್ ಅಥವಾ ರೇಡಿಯಾನ್ ಆರ್‌ಎಕ್ಸ್ 6600 ಬೇಕು. 2025ರ ಮೇ ತಿಂಗಳ ‘ಡೂಮ್: ದ ಡಾರ್ಕ್ ಏಜಸ್’ ಕೂಡ ಹಾಗೆಯೇ. ಮಧ್ಯಮ ವರ್ಗದ ಮನೆಗಳಲ್ಲಿ ಮನೆಮಾತಾದ ಜಿಟಿಎಕ್ಸ್ 1050 ಟಿಐ, 1650 ಕಾರ್ಡುಗಳು ಅಲ್ಲಿಗೆ ಹೊರಗುಳಿದವು.

ಗೇಮ್ ಕಟ್ಟುವವರ ಕಡೆಯಿಂದ ನೋಡಿದರೆ ಇದಕ್ಕೆ ಸಮರ್ಥನೆ ಇದೆ. ರೇ ಟ್ರೇಸಿಂಗ್ ಎಲ್ಲರ ಬಳಿಯೂ ಇದೆ ಎಂದಾದರೆ ಪ್ರತಿ ಕೋಣೆಯ ನೆರಳು ಬೆಳಕನ್ನು ಮುಂಚಿತವಾಗಿ ಲೆಕ್ಕಹಾಕಿ ಕೂಡಿಡುವ ಕೆಲಸ ತಪ್ಪುತ್ತದೆ. ಹಳೆಯ ಕಾರ್ಡುಗಳಲ್ಲಿ ಆ ಲೆಕ್ಕಕ್ಕೆ ಬೇಕಾದ ಯಂತ್ರಾಂಶವೇ ಇಲ್ಲ ಎಂಬುದೂ ನಿಜ. ಈ ಗೆರೆ ಬಹುಮಟ್ಟಿಗೆ ಯಂತ್ರದ್ದೇ. ಹಾಗಿದ್ದರೂ ಲಿನಕ್ಸ್‌ನ ಮುಕ್ತ ಡ್ರೈವರ್ ಬರೆಯುವವರು ರೇ ಟ್ರೇಸಿಂಗ್ ಲೆಕ್ಕವನ್ನು ಸಾಮಾನ್ಯ ಕೋರ್‌ಗಳಲ್ಲೇ ಮಾಡಿಸಿ, 2017ರ ಎಎಂಡಿ ವೇಗಾ 64 ಕಾರ್ಡಿನಲ್ಲಿ ಇಂಡಿಯಾನಾ ಜೋನ್ಸನ್ನು ಆಡಿಸಿದರು. ಅದೇ ಕಾರ್ಡು ವಿಂಡೋಸ್‌ನಲ್ಲಿ ಆ ಆಟವನ್ನು ತೆರೆಯುವುದೂ ಇಲ್ಲ.

ವಿಂಡೋಸ್ 10ರ ನಂತರ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು, ಇಂಟೆಲ್ ಆದರೆ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಜಿಟಿಎಕ್ಸ್ 900 ಮತ್ತು 10 ಸರಣಿಯ ಕಾರ್ಡುಗಳಿಗೆ ಹೊಸ ಆಟಗಳಿಗೆ ಹೊಂದಿಸಿದ ಡ್ರೈವರ್ ಕೊಡುವುದನ್ನೂ ಎನ್‌ವಿಡಿಯಾ ಅದೇ ಅಕ್ಟೋಬರ್‌ಗೆ ನಿಲ್ಲಿಸಿತು.

ಹೊಸ ವಿಂಡೋಸ್ ಆಟಕ್ಕೆ ಕೊಟ್ಟದ್ದೂ ಇದೆ. ಹಳೆಯ ಆಟಕ್ಕೂ ಬಣ್ಣದ ಆಳ ಹೆಚ್ಚಿಸುವ ಆಟೊ ಎಚ್‌ಡಿಆರ್, ಕಿಟಕಿಯಲ್ಲಿ ಆಡುವಾಗ ವಿಳಂಬ ತಗ್ಗಿಸುವ ಸೌಲಭ್ಯ, ಎಸ್‌ಎಸ್‌ಡಿಯಿಂದ ಬಂದ ದತ್ತಾಂಶವನ್ನು ಕಾರ್ಡಿನಲ್ಲೇ ಬಿಚ್ಚುವ ಡೈರೆಕ್ಟ್‌ಸ್ಟೋರೇಜ್. ತೊಂದರೆ ಕೊಟ್ಟದ್ದೂ ಇದೆ. 2024ರ ಕೊನೆಯಲ್ಲಿ ಬಂದ ‘24ಎಚ್2’ ಅಪ್‌ಡೇಟ್ ಹಾಕಿದ ಮೇಲೆ ‘ಅಸ್ಯಾಸಿನ್ಸ್ ಕ್ರೀಡ್’ ಸರಣಿಯ ಕೆಲವು ಆಟಗಳು ಹ್ಯಾಂಗ್ ಆಗತೊಡಗಿದವು. ಆ ಆಟಗಳಿರುವ ಪಿಸಿಗಳಿಗೆ ಅಪ್‌ಡೇಟನ್ನೇ ಮೈಕ್ರೋಸಾಫ್ಟ್ ತಾತ್ಕಾಲಿಕವಾಗಿ ತಡೆಹಿಡಿಯಿತು.

ವಿಂಡೋಸ್ 11 ಹಿಡಿಯದ ಯಂತ್ರಕ್ಕೆ ಲಿನಕ್ಸ್ ಒಂದು ದಾರಿ. ವಾಲ್ವ್ 2018ರಲ್ಲಿ ಕೊಟ್ಟ ‘ಪ್ರೋಟಾನ್’, ವಿಂಡೋಸ್ ಆಟದ ಡೈರೆಕ್ಟ್‌ಎಕ್ಸ್ ಆಜ್ಞೆಗಳನ್ನು ವಲ್ಕನ್‌ಗೆ ತಿರುಗಿಸುತ್ತದೆ. ಅದರ ಹೃದಯದಲ್ಲಿರುವ ಡಿಎಕ್ಸ್‌ವಿಕೆಯನ್ನು ಫಿಲಿಪ್ ರೇಬೋಲೆ ಎಂಬ ಪ್ರೋಗ್ರಾಮರ್ ಶುರುಮಾಡಿದ್ದು ‘ನಿಯರ್: ಆಟೊಮೇಟಾ’ ಎಂಬ ಒಂದೇ ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕೆಂಬ ಆಸೆಯಿಂದ. 2024ರಿಂದ ಅದು ಡೈರೆಕ್ಟ್‌ಎಕ್ಸ್ 8ನ್ನೂ ತಿಳಿದಿದೆ. ವೈಸ್ ಸಿಟಿಯ ಕಾಲದ ಆಟಗಳೂ ಅದರ ವ್ಯಾಪ್ತಿಗೆ ಬಂದವು.

ಆದರೆ ‘ವ್ಯಾಲರಂಟ್’ ಆಡುವವರಿಗೆ ಈ ದಾರಿ ಮುಚ್ಚಿದೆ. ಮೋಸದಾಟ ತಡೆಯುವ ಅದರ ತಂತ್ರಾಂಶ ವಿಂಡೋಸ್‌ನ ಒಳಪದರಕ್ಕೇ ಇಳಿದು ಕೂರುತ್ತದೆ, ಲಿನಕ್ಸ್‌ಗೆ ಬರುವುದಿಲ್ಲ. ವಿಂಡೋಸ್ 11ರಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎರಡನ್ನೂ ಕೇಳುತ್ತದೆ. ಗ್ರ್ಯಾಂಡ್ ಥೆಫ್ಟ್ ಆಟೊ ಆನ್‌ಲೈನ್ ಕೂಡ 2024ರ ಸೆಪ್ಟೆಂಬರ್‌ನಲ್ಲಿ ಇಂಥ ತಂತ್ರಾಂಶ ಸೇರಿಸಿಕೊಂಡ ಮೇಲೆ ಸ್ಟೀಮ್ ಡೆಕ್‌ನಿಂದ ದೂರವಾಯಿತು. ಒಬ್ಬರೇ ಆಡುವ ಆಟಗಳಿಗೆ ಲಿನಕ್ಸ್ ಧಾರಾಳವಾಗಿ ಸಾಕು. ಗೆಳೆಯರೊಡನೆ ಸ್ಪರ್ಧೆಗಿಳಿಯುವವರು ಮೊದಲು ತಮ್ಮ ಆಟ ಅಲ್ಲಿ ತೆರೆಯುತ್ತದೆಯೇ ಎಂದು ವಿಚಾರಿಸಿಕೊಳ್ಳಬೇಕು.

ಎಸ್.ಪಿ. ರಸ್ತೆಯ ಕೌಂಟರಿನ ಮುಂದೆ

ಸೂಲಿಬೆಲೆಯಿಂದ ಹೊಸಕೋಟೆ, ಕೆ.ಆರ್.ಪುರ ದಾಟಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಸೆಕೆಂಡ್ ಹ್ಯಾಂಡ್ ಪಿಸಿ ಅಥವಾ ಕಾರ್ಡು ಕೊಳ್ಳಲು ಹೋಗುವವರು ಇಷ್ಟೆಲ್ಲ ಚರಿತ್ರೆಯನ್ನು ತಲೆಯಲ್ಲಿ ಹೊತ್ತುಕೊಂಡು ಹೋಗಬೇಕಿಲ್ಲ. ಅಂಗಡಿಯವರಿಗೆ ಯಂತ್ರ ಆನ್ ಮಾಡಲು ಹೇಳಿ, ಕೀಬೋರ್ಡಿನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ‘ಡಿಎಕ್ಸ್‌ಡಯಾಗ್’ (dxdiag) ಎಂದು ಟೈಪ್ ಮಾಡಿದರೆ ಒಂದು ಪುಟ ತೆರೆಯುತ್ತದೆ.

ಮೊದಲ ಪುಟದ ಕೊನೆಯಲ್ಲಿ ‘ಡೈರೆಕ್ಟ್‌ಎಕ್ಸ್ 12’ ಎಂದಿರುತ್ತದೆ. ಅದನ್ನು ನಂಬಿ ದುಡ್ಡು ಕೊಡಬಾರದು. ವಿಂಡೋಸ್ 10 ಮತ್ತು 11ರಲ್ಲಿ ಯಾವ ಕಾರ್ಡಿದ್ದರೂ ಅಲ್ಲಿ ಹಾಗೇ ಬರುತ್ತದೆ. ಅದು ಹೇಳುವುದು ಆಪರೇಟಿಂಗ್ ಸಿಸ್ಟಂ ಬಗ್ಗೆ. ಕಚೇರಿಗಳಿಂದ ಹಳೆಯದಾಗಿ ಬರುವ ನಾಲ್ಕನೆಯ ತಲೆಮಾರಿನ ಇಂಟೆಲ್ ಪಿಸಿಗಳನ್ನೇ ನೋಡಿ. ಅವುಗಳ ಒಳಗ್ರಾಫಿಕ್ಸ್‌ನಲ್ಲಿ ಭದ್ರತಾ ದೋಷವೊಂದು ಕಂಡುಬಂದಿದ್ದರಿಂದ ಇಂಟೆಲ್ ತನ್ನ ಡ್ರೈವರ್ ಮೂಲಕ ಡೈರೆಕ್ಟ್‌ಎಕ್ಸ್ 12 ಸೌಲಭ್ಯವನ್ನೇ ತೆಗೆದುಹಾಕಿತು. ಮೊದಲ ಪುಟ ಮಾತ್ರ ಇಂದಿಗೂ 12 ಎಂದೇ ತೋರಿಸುತ್ತದೆ.

ನೋಡಬೇಕಾದ್ದು ‘ಡಿಸ್‌ಪ್ಲೇ’ ಎಂಬ ಪಕ್ಕದ ಪುಟ. ಅಲ್ಲಿ ‘ಫೀಚರ್ ಲೆವೆಲ್ಸ್’ ಎಂಬ ಸಾಲಿನ ಮೊದಲ ಅಂಕಿ ಕಾರ್ಡಿನ ನಿಜವಾದ ಸಾಮರ್ಥ್ಯ. 11_0 ಅಥವಾ 11_1 ಇದ್ದರೆ ಹಳೆಯ ಆಟಗಳಿಗೆ ಮಾತ್ರ. 12_0, 12_1 ಇದ್ದರೆ ಇಂದಿನ ಬಹುಪಾಲು ಆಟಗಳು ಓಡುತ್ತವೆ, ರೇ ಟ್ರೇಸಿಂಗ್ ಕಡ್ಡಾಯವಾದವು ಓಡುವುದಿಲ್ಲ. ಜಿಟಿಎಕ್ಸ್ 1650 ಈ ಗುಂಪಿನದ್ದು. 12_2 ಇದ್ದರೆ ರೇ ಟ್ರೇಸಿಂಗ್ ಸೇರಿ ಈಗಿನ ಎಲ್ಲವೂ ಉಂಟು. ಅದೇ ಪುಟದಲ್ಲಿ ಕಾರ್ಡಿನ ಮೆಮೊರಿ ಎಷ್ಟಿದೆ ಎಂದೂ ನೋಡಬೇಕು. ಹೊಸ ಆಟಗಳಿಗೆ 8 ಜಿಬಿ ಈಗ ಕನಿಷ್ಠದ ಹತ್ತಿರ ಬಂದಿದೆ. ಕೊಳ್ಳುತ್ತಿರುವುದು ಇಂಟೆಲ್ ಆರ್ಕ್ ಆಗಿದ್ದರೆ ಮನೆಯ ಮದರ್‌ಬೋರ್ಡಿನಲ್ಲಿ ‘ರೀಸೈಜಬಲ್ ಬಾರ್’ ಸೌಲಭ್ಯ ಇದೆಯೇ ಎಂದು ಹೋಗುವ ಮುನ್ನವೇ ನೋಡಿಕೊಂಡಿರಬೇಕು, ಅದಿಲ್ಲದೆ ಆ ಕಾರ್ಡುಗಳು ಬಹಳ ಸೊರಗುತ್ತವೆ. ‘ಹೊಸ ಆಟಕ್ಕೆಲ್ಲ ಆಗುತ್ತೆ’ ಎಂದು ಹೇಳಿ ತೋರಿಸಿದ ಕಾರ್ಡಿನ ಮುಂದೆ 12_1 ಎಂದು ಬಂದರೆ, ಆ ಸಾಲಿನ ಮೇಲೆ ಬೆರಳಿಟ್ಟು ಬೆಲೆ ಇಳಿಸಲು ಕೇಳಬಹುದು. ಅದರ ಅರ್ಥ ಎಸ್.ಪಿ. ರಸ್ತೆಯ ಅಂಗಡಿಯವರಿಗೆ ಚೆನ್ನಾಗಿಯೇ ಗೊತ್ತಿದೆ.